ಹಪ್ಪಳದ ಪೆಟ್ಟಿಗೆಯೊಳಗಿನ ಸಿಂಬೆ

"ಆ ಬಟ್ಟೆ ಮುಟ್ಟಬೇಡಿ ಆಂಟಿ, ಅದು ಸಾಕ್ಷಿ," ಎಂದರು ಡಾಕ್ಟರ್ ತೋಮರ್.

ಮುಟ್ಟಿಯಾಗಿತ್ತು. ಮುಟ್ಟದೆ ಇನ್ನೇನು ಮಾಡಬೇಕಿತ್ತು? ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕ ರಟ್ಟಿನ ಪೆಟ್ಟಿಗೆಯ ಒಳಗೆ ಒಬ್ಬರಾದರೂ ಕಣ್ಣಿಟ್ಟು ನೋಡಿರಲಿಲ್ಲ. ಮೇಲಿದ್ದ ಕನ್ನಡ ಅಕ್ಷರ ಕಂಡೊಡನೆ ಎಲ್ಲರೂ ತೀರ್ಪು ಕೊಟ್ಟು ಕೂತಿದ್ದರು.

'ಹಲಸಿನ ಹಪ್ಪಳ, ಗಂಗೊಳ್ಳಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನನಗೆ ತಿಳಿದಂತೆ ಈ ದೆಹಲಿಯಲ್ಲಿ ಆ ಪೆಟ್ಟಿಗೆ ಬರುವುದು ಒಂದೇ ಕಡೆಗೆ, ಓಖ್ಲಾದ ನಮ್ಮ ಮೀನೂಟದ ಹೋಟೆಲಿಗೆ. ನಾನೂ ನನ್ನ ಗಂಡ ಜಯಾನಂದರೂ ಅದನ್ನು ನಡೆಸುತ್ತೇವೆ. ಮೈದುನನ ಮಗ ಸುಕೇಶ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಈ ವನ್ಯಜೀವಿ ಆಸ್ಪತ್ರೆಗೆ ಕೋಳಿಮಾಂಸ ತಂದು ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ. ಹೋಟೆಲಿನ ತಿಂಡಿ ಗಲಾಟೆ ಮುಗಿದ ಮೇಲೆ ನಾನು ಬಂದು ಅದನ್ನು ಹದ್ದು, ಗೂಬೆಗಳಿಗೆ ಸಣ್ಣಗೆ ಕತ್ತರಿಸುತ್ತೇನೆ. ಸಂಬಳವಿಲ್ಲದ ಕೆಲಸ, ಮನಸ್ಸಿಗೆ ಬೇಕಾಗಿ ಮಾಡುವುದು.

ಕೆಲವು ವಾರಗಳಿಂದ ಯಾರೋ ಗಾಯಗೊಂಡ ಹಕ್ಕಿಗಳನ್ನು ಪೆಟ್ಟಿಗೆಯಲ್ಲಿಟ್ಟು ಗೇಟಿನಲ್ಲಿ ಬಿಟ್ಟು ಹೋಗುತ್ತಿದ್ದರು; ಆ ಗಾಯ ತಾನಾಗಿ ಆದದ್ದಲ್ಲ, ರೆಕ್ಕೆಗೆ ಬೇಕೆಂದೇ ದಾರ ಬಿಗಿದದ್ದು ಎಂದು ನಿನ್ನೆಯಷ್ಟೇ ಬಯಲಾಗಿತ್ತು. ಅಲ್ಲಿಯವರೆಗೆ ಆ ಪೆಟ್ಟಿಗೆಗಳನ್ನು ಯಾರೂ ಗಮನಿಸದೆ ಎಸೆದುಬಿಡುತ್ತಿದ್ದರು.

ಇವತ್ತಿನದು ಒಂದು ಎಳೆಯ ಹದ್ದು. ಗಾಳಿಪಟಕ್ಕೆ ಕಟ್ಟುವ ಗಾಜಿನಪುಡಿ ಸವರಿದ ದಾರವಿದೆಯಲ್ಲ, ಇಲ್ಲಿನವರು ಮಾಂಜಾ ಎನ್ನುತ್ತಾರೆ, ಅದು ಎಲುಬಿನವರೆಗೆ ಇಳಿದಿತ್ತು. ಡಾಕ್ಟರ್ ಅದರ ಒಂದು ರೆಕ್ಕೆಯನ್ನೇ ತೆಗೆಯಬೇಕಾಯಿತು. ಈಗ ಅದು ಹಿಂದಿನ ಕೋಣೆಯಲ್ಲಿ ಒಂದು ಕಡೆಗೆ ವಾಲಿಕೊಂಡು ಕೂತಿದೆ. ಇನ್ನು ಬದುಕಿರುವಷ್ಟು ದಿನವೂ ಅದು ಹಾಗೆಯೇ ಕೂರಬೇಕು.

"ಅರಣ್ಯ ಇಲಾಖೆಯವರು ಹೊರಟಿದ್ದಾರೆ," ಎಂದರು ಡಾಕ್ಟರ್. ಅವರ ಕಣ್ಣು ಕೆಂಪಾಗಿತ್ತು. "ದೂರಿನಲ್ಲಿ ಸುಕೇಶನ ಹೆಸರು ಬರೆದಿದ್ದೇನೆ. ಪೆಟ್ಟಿಗೆ ನಿಮ್ಮ ಹೋಟೆಲಿನದು. ಕೋಳಿ ತರೋ ಹೊತ್ತಲ್ಲ, ಬೆಳಕು ಹರಿಯುವ ಮೊದಲೇ ನಿಮ್ಮ ಸ್ಕೂಟರ್ ಗೇಟಿನ ಹತ್ತಿರ ನಿಂತಿತ್ತು ಅಂತ ವಾಚ್‌ಮನ್ ಹೇಳ್ತಾನೆ. ನಾನು ಇನ್ನೇನು ಬರೀಲಿ, ನೀವೇ ಹೇಳಿ."

"ಸುಕೇಶ ಏನಂತಾನೆ?"

"ಏನೂ ಅನ್ನಲ್ಲ. ಕೇಳಿದ್ದಕ್ಕೆಲ್ಲ ನೆಲ ನೋಡ್ತಾನೆ."

ಸುಕೇಶ ಆಫೀಸು ಕೋಣೆಯ ಕಿಟಕಿ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ. ಅಮ್ಮನಿಲ್ಲದ ಹುಡುಗ, ನನ್ನ ಕೈತುತ್ತು ತಿಂದು ಬೆಳೆದವನು. ವನ್ಯಜೀವಿ ಕೇಸಿನಲ್ಲಿ ಹೆಸರು ಒಮ್ಮೆ ಸಿಕ್ಕಿಹಾಕಿಕೊಂಡರೆ ಜಾಮೀನಿಗೂ ಕೋರ್ಟು ಸುತ್ತಬೇಕು. ಜೀಪು ಬರುವುದರೊಳಗೆ ಆ ಹೆಸರನ್ನು ಹೊಡೆದುಹಾಕಿಸಬೇಕು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

"ಸ್ವಲ್ಪ ಹೊತ್ತು ಕೊಡಿ ಮ್ಯಾಡಂ," ಎಂದೆ. ಅವರು ಇಲ್ಲವೆನ್ನಲಿಲ್ಲ.

ಪೆಟ್ಟಿಗೆಯ ತಳದ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದೆ.

ಅದು ಸಿಂಬೆ. ಕೊಡವನ್ನೋ ಬುಟ್ಟಿಯನ್ನೋ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತೇವಲ್ಲ, ಆ ಬಟ್ಟೆಯ ಸಿಂಬೆ. ಹಳೆಯ ಹತ್ತಿ ಬಟ್ಟೆಯನ್ನು ಹುರಿ ಮಾಡಿ, ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ ಬಿಗಿದದ್ದು. ಗಂಟಿಲ್ಲ, ಪಿನ್ನಿಲ್ಲ, ಟೇಪಿಲ್ಲ.

ಪೆಟ್ಟು ತಿಂದ ಹಕ್ಕಿಗೆ ಬರಿ ರಟ್ಟಿನ ಮೇಲೆ ಕೂರಲು ಆಗುವುದಿಲ್ಲ, ಜಾರುತ್ತದೆ. ಎದೆಗೆ ಆಸರೆಯಾಗಿ ಒಂದು ಬಳೆಯಾಕಾರದ ದಿಂಬು ಬೇಕು. ಇಲ್ಲಿಯವರು ಟವೆಲನ್ನು ಸುತ್ತಿ ಅದರ ಮೇಲೆ ಮೂರು ಕಡೆ ಟೇಪು ಬಡಿಯುತ್ತಾರೆ. ಪಂಜರ ತೊಳೆಯುವ ರಾಮ್‌ಬೀರ್ ಮಾಡುವುದೂ ಹಾಗೆಯೇ, ಭಾನುವಾರಕ್ಕೊಮ್ಮೆ ಬರುವ ಅಭಿಷೇಕ್ ಮಾಡುವುದೂ ಹಾಗೆಯೇ. ಆ ಟೇಪಿಗೆ ಪುಕ್ಕ ಅಂಟುವುದನ್ನು ನೋಡಲಾರದೆ ನಾನು ಸಿಂಬೆ ಶುರು ಮಾಡಿದೆ. ಗಂಗೊಳ್ಳಿಯಲ್ಲಿ ನನ್ನಮ್ಮ ಮೀನುಬುಟ್ಟಿ ಹೊರುತ್ತಿದ್ದವಳು, ನನಗೆ ನಡೆಯಲು ಬರುವ ಹೊತ್ತಿಗೆ ಸಿಂಬೆ ಸುತ್ತುವುದೂ ಬಂದಿತ್ತು.

ಕಿಟಕಿಯ ಹತ್ತಿರ ಹೋಗಿ ಸುಕೇಶನ ಮಡಿಲಿಗೆ ಒಂದು ಒಣ ಟವೆಲು ಎಸೆದೆ.

"ಸಿಂಬೆ ಮಾಡು."

"ಕ್ಯಾ ಮಾಡು?"

"ಸಿಂಬೆ. ಉರುಟಾಗಿ ಸುತ್ತು."

ಅವನು ಟವೆಲನ್ನು ಹಾಗೆ ತಿರುಗಿಸಿ ಹೀಗೆ ತಿರುಗಿಸಿ ಕೊನೆಗೆ ಒಂದು ಗಂಟು ಹಾಕಿ ನನ್ನ ಮುಖ ನೋಡಿದ. ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡಲು ಹೋದರೆ ಅರ್ಧಕ್ಕೆ ಹಿಂದಿ ನುಗ್ಗುತ್ತದೆ. ಸಿಂಬೆಯನ್ನು ಅವನು ಯಾರ ತಲೆಯ ಮೇಲೂ ನೋಡಿದವನಲ್ಲ.

"ಹಾಗಾದರೆ ಈ ಪೆಟ್ಟಿಗೆ ಕಟ್ಟಿದ್ದು ನೀನಲ್ಲ," ಎಂದೆ. "ಯಾಕೆ ಬಾಯಿ ಹೊಲ್ಕೊಂಡು ಕೂತಿದ್ದಿ? ಯಾರನ್ನ ಉಳಿಸ್ತಿದ್ದಿ?"

"ಛೋಡೋ ನಾ ದೊಡ್ಡಮ್ಮ. ನೀವು ಮನೆಗೆ ಹೋಗಿ."

"ನಿನ್ನನ್ನ ಇಲ್ಲಿ ಬಿಟ್ಟು ಹೋಗೋದಕ್ಕೆ ನಾನೇನು ಹುಚ್ಚಿಯಾ?"

ಅವನು ಮತ್ತೆ ನೆಲ ನೋಡಿದ. ಹೆದರಿಕೆಯಿಂದ ನಾಲಿಗೆ ಒಣಗಿದೆ ಎಂದುಕೊಂಡೆ. ಎರಡು ಬಿಗಿಯಬೇಕೆನ್ನಿಸಿತು, ಕರುಳು ಚುರುಕ್ಕೆಂದಿತು, ಎರಡೂ ಒಟ್ಟಿಗೆ.

ಈ ಆಸ್ಪತ್ರೆಯಲ್ಲಿ ಸಿಂಬೆ ಸುತ್ತಲು ಬರುವುದು ನನಗೆ. ನಾನು ಈ ಪೆಟ್ಟಿಗೆ ಕಟ್ಟಿಲ್ಲ. ಇನ್ನು ಬರುವುದು ನಾನು ಕೈ ಹಿಡಿದು ಕಲಿಸಿದವಳೊಬ್ಬಳಿಗೆ.

ಹೆಸರು ನಾಲಿಗೆಗೆ ಬಂದರೂ ಮನಸ್ಸು ತಡೆಯಿತು. ಹಂಸಿನಿ. ನೋಯ್ಡಾದ ಐಟಿ ಕಂಪನಿಯಲ್ಲಿರುವ ದಾವಣಗೆರೆಯ ಹುಡುಗಿ. ಇಂದಿರಾಪುರಂನಲ್ಲಿ ಒಬ್ಬಳೇ ಇರುತ್ತಾಳೆ. ಒಂದು ದಿನ ನಮ್ಮ ಹೋಟೆಲಿಗೆ ಊಟಕ್ಕೆ ಬಂದವಳು, ಸಾರು ಬಾಯಿಗಿಟ್ಟು ಕಣ್ಣೀರು ಹಾಕಿದ್ದಳು, ಮನೆ ನೆನಪಾಯಿತು ಅಂತ. ಅಂದಿನಿಂದ ನನ್ನ ಮಗಳೇ ಆಗಿಬಿಟ್ಟಳು. ನನ್ನನ್ನು ಈ ಆಸ್ಪತ್ರೆಗೆ ಕರೆತಂದು ಹದ್ದು ಹಿಡಿಯಲು ಕಲಿಸಿದ್ದೂ ಅವಳೇ. ಸ್ವಯಂಸೇವಕರನ್ನು ನೋಡಿಕೊಳ್ಳುವುದು ಅವಳ ಜವಾಬ್ದಾರಿ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನನ್ನ ಹಳೆಯ ಹತ್ತಿ ಸೀರೆ ಹರಿದು ಅವಳಿಗೆ ಸಿಂಬೆ ಕಲಿಸಿದ್ದೆ. ಬೇಗ ಕಲಿತಳು, ನನಗಿಂತ ಚೆಂದ ಸುತ್ತಿದಳು. ನಾನು ಸುತ್ತುವುದನ್ನು ಮೊಬೈಲಿನಲ್ಲಿ ಹಿಡಿದು, 'ಆಂಟಿಯ ಮ್ಯಾಜಿಕ್ ರಿಂಗ್' ಎಂದು ಎಲ್ಲರಿಗೂ ಕಳಿಸಿದ್ದಳು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಖಾಲಿ ಪೆಟ್ಟಿಗೆಗಳು? "ಆಸ್ಪತ್ರೆಗೆ ಬೇಕು ಅಕ್ಕ," ಎಂದು ಭಾನುವಾರ ಊಟ ಮುಗಿಸಿ ಹೊರಡುವಾಗಲೆಲ್ಲ ಕೇಳಿ ಒಯ್ಯುತ್ತಿದ್ದಳು. ಕಟ್ಟಿಕೊಟ್ಟವಳು ನಾನೇ.

ಸಿಂಬೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಡಾಕ್ಟರಿಗೆ ಅಲ್ಲಿಯೇ ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಹುಡುಗಿ, ಪರವೂರಿನಲ್ಲಿ ಒಬ್ಬಳೇ ಇರುವವಳು, ನಾಲ್ಕು ಜನರೆದುರು ಮಾನ ಹರಾಜು ಹಾಕುವ ಮೊದಲು ಒಂದು ಸಲ ಕೇಳಿಬಿಡೋಣ ಎಂದುಕೊಂಡೆ. ಕೇಳುವುದನ್ನು ಕನ್ನಡದಲ್ಲೇ ಕೇಳೋಣ, ಬೇರೆಯವರ ಕಿವಿಗೆ ಬೀಳುವುದು ಬೇಡ. ದೊಡ್ಡ ಮರ್ಯಾದಸ್ಥೆ ನಾನು.

ಹಂಸಿನಿ ಹಿತ್ತಲಿನ ದೊಡ್ಡ ಪಂಜರದ ಮುಂದೆ ಮೊಬೈಲಿಗೆ ಸ್ಟ್ಯಾಂಡ್ ನಿಲ್ಲಿಸುತ್ತಿದ್ದಳು. ನಾಳೆ ಶನಿವಾರ. ಅವಳ ಕಂಪನಿಯವರು ಬಸ್ಸು ಮಾಡಿಕೊಂಡು ಬರುತ್ತಾರೆ, ವಾಸಿಯಾದ ಹಕ್ಕಿಯನ್ನು ಅವರ ಕೈಯಿಂದಲೇ ಆಕಾಶಕ್ಕೆ ಬಿಡಿಸುವುದು, ಚಪ್ಪಾಳೆ, ವಿಡಿಯೋ. ದೀಪಾವಳಿ ಕಳೆದ ಹೊಗೆಗೆ ಆಕಾಶವೇ ಕಾಣುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ರಾಮ್‌ಬೀರ್ ತಟ್ಟೆ ತೊಳೆಯುತ್ತಿದ್ದ. ಆಫೀಸಿನ ಕಿಟಕಿ ಈ ಕಡೆಗೇ ತೆರೆದಿತ್ತು, ಸುಕೇಶನ ಬೆನ್ನು ಕಾಣಿಸುತ್ತಿತ್ತು.

ಸಿಂಬೆಯನ್ನು ಅವಳ ಮುಖದ ಮುಂದೆ ಹಿಡಿದೆ.

"ಇದು ಯಾರ ಕೈ, ಹಂಸಿನಿ?"

ಅವಳು ನಕ್ಕಳು. "ನಿಮ್ಮದೇ ಅಲ್ವಾ ಅಕ್ಕ."

"ನನ್ನದಲ್ಲ. ನಾನು ಎಡಕ್ಕೆ ಸುತ್ತಿ ತುದಿ ಮೇಲೆ ಬಿಡ್ತೇನೆ. ನಿನಗೆ ತುದಿ ಕಾಣಿಸಿದ್ರೆ ಸೇರಲ್ಲ, ಒಳಗೆ ಅಡಗಿಸ್ತಿ. ಅದನ್ನ ನೋಡಿ ನಾನೇ ಹೊಗಳಿದ್ದೆ. ಇದು ಇವತ್ತಿನ ಪೆಟ್ಟಿಗೇಲಿತ್ತು."

"ಯಾರಾದ್ರೂ ವಿಡಿಯೋ ನೋಡಿ ಕಲಿತಿರ್ಬಹುದು."

"ವಿಡಿಯೋದಲ್ಲಿರೋದು ನನ್ನ ಕೈ. ಕಲಿತವರಿಗೆ ನನ್ನ ಹಾಗೇ ಬರ್ತಿತ್ತು." ಪಕ್ಕದ ಕಟ್ಟೆಯ ಮೇಲಿದ್ದ ಟವೆಲನ್ನೆತ್ತಿ ಅವಳೆದುರೇ ಸರಸರ ಸುತ್ತಿ ತೋರಿಸಿದೆ. "ನೋಡು. ಇದು ನಾನು. ಅದು ನೀನು. ಬೇಕಾದ್ರೆ ಈಗಲೇ ಸುತ್ತು, ಇಟ್ಟು ನೋಡೋಣ."

ಅವಳ ನಗು ನಿಂತಿತು. ರಾಮ್‌ಬೀರ್ ತಟ್ಟೆ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದ. ನನ್ನ ದನಿ ಏರಿತ್ತು, ಇಳಿಸುವ ತಾಳ್ಮೆ ನನ್ನಲ್ಲಿ ಇರಲಿಲ್ಲ.

"ಆ ಮರಿಗೆ ಒಂದು ರೆಕ್ಕೆ ಇಲ್ಲ ಈಗ. ಒಳಗೆ ಹೋಗಿ ನೋಡಿದೆಯಾ?"

"ಅಕ್ಕ, ಮೆಲ್ಲಗೆ ಮಾತಾಡಿ."

"ನೋಡಿದೆಯಾ ಅಂತ ಕೇಳಿದೆ."

ಅವಳು ಪಂಜರದ ಜಾಲರಿ ಹಿಡಿದುಕೊಂಡಳು. ಕಣ್ಣು ತುಂಬಿತು. "ಅಷ್ಟು ಬಿಗಿಯಾಗಿ ನಾನು ಕಟ್ಟಿರಲಿಲ್ಲ. ಚರ್ಮ ಗೀರಿದ್ರೆ ಸಾಕಿತ್ತು. ಪೆಟ್ಟಿಗೆಯೊಳಗೆ ಅದು ಒದ್ದಾಡಿ ದಾರ ಒಳಗೆ ಇಳಿದಿದೆ."

ಇಷ್ಟು ಹೊತ್ತು ನನ್ನ ಮನಸ್ಸಿನ ಒಂದು ಮೂಲೆ, ಇಲ್ಲ ಎನ್ನಲಿ, ನನ್ನನ್ನು ಬೈಯಲಿ, ನನ್ನದೇ ತಪ್ಪಾಗಿರಲಿ ಎಂದು ಹರಕೆ ಹೊತ್ತಿತ್ತು. ಕಟ್ಟೆಯ ಮೇಲೆ ಕೂತುಬಿಟ್ಟೆ.

"ಯಾಕೆ ಮಗಾ?"

"ಪ್ರತಿ ಶನಿವಾರ ಹಾರಿಸೋದಕ್ಕೆ ಹಕ್ಕಿ ಬೇಕಲ್ಲ ಅಕ್ಕ. ವಾಸಿಯಾಗಿರೋದು ಇಲ್ಲ ಅಂದ್ರೆ ಕಂಪನಿಯವರು ಬರಲ್ಲ. ಅವರು ಬರ್ಲಿಲ್ಲ ಅಂದ್ರೆ ನನ್ನನ್ನ ಯಾರು ಕೇಳ್ತಾರೆ? ಅಲ್ಲಿ ನಾನು ಸಾವಿರ ಜನರಲ್ಲಿ ಒಬ್ಬಳು. ಇಲ್ಲಿ ಎಲ್ರಿಗೂ ನನ್ನ ಹೆಸರು ಗೊತ್ತು." ಮೂಗು ಒರೆಸಿಕೊಂಡಳು. "ನಮ್ಮ ಅಪಾರ್ಟ್‌ಮೆಂಟ್ ಟವರಿನ ಟೆರೇಸಿನಲ್ಲಿ ಕೋಳಿ ತುಂಡು ಇಟ್ರೆ ಮರಿಗಳು ತಾವಾಗೇ ಇಳೀತವೆ. ಸಣ್ಣ ಗಾಯ ಮಾಡ್ತಿದ್ದೆ, ಡಾಕ್ಟರ್ ಬೇಗ ಗುಣ ಮಾಡ್ತಿದ್ರು. ಯಾವುದಕ್ಕೂ ತೊಂದರೆ ಆಗಿರ್ಲಿಲ್ಲ. ಸಿಂಬೆ ಇಡದೆ ಒಂದನ್ನೂ ಕಳಿಸಿಲ್ಲ ಅಕ್ಕ, ನಿಮ್ಮಾಣೆಗೂ."

ನನ್ನಾಣೆಯಂತೆ. ನನ್ನ ಸೀರೆಯ ತುಂಡಿನ ಮೇಲೆ ನಾನು ಕಲಿಸಿದ ಮಮತೆ ಅದು. ಕೈಯಾರೆ ರೆಕ್ಕೆ ಬಿಗಿದು, ಅದೇ ಕೈಯಿಂದ ಎದೆಯಡಿಗೆ ಮೆತ್ತನೆ ಆಸರೆ ಇಟ್ಟಿದ್ದಳು.

"ಕೋಳಿ ತುಂಡೂ ನನ್ನ ಅಡುಗೆಮನೆಯದೇ ಇರಬೇಕು."

ಅವಳು ಮೊಬೈಲಿನ ಸ್ಟ್ಯಾಂಡ್ ಮಡಚತೊಡಗಿದಳು.

"ಸುಕೇಶನ ತಲೆಗೆ ಬರ್ತದೆ ಅಂತ ಗೊತ್ತಿದ್ದೂ ನಮ್ಮ ಪೆಟ್ಟಿಗೇನೇ ತಂದಿಟ್ಟೆಯಲ್ಲ?"

"ಅದು ಹಾಗಲ್ಲ ಅಕ್ಕ. ಪೆಟ್ಟಿಗೆ ಗೇಟಿಗೆ ತಂದಿದ್ದು..."

"ಸಾಕು. ಇನ್ನೊಂದು ಸುಳ್ಳು ಹೇಳಿದ್ರೆ ಕೆನ್ನೆಗೆ ಬೀಳ್ತದೆ." ನಾನು ಎದ್ದು ನಿಂತೆ. ರಾಮ್‌ಬೀರ್ ಬಕೆಟ್ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಮನೆಯಲ್ಲಿ ಉಂಡಿದ್ದೀಯ. ನನ್ನ ಹಾಸಿಗೇಲಿ ಜ್ವರ ಬಂದು ಮಲಗಿದ್ದೀಯ. ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿದವಳು ನಾನು. ನಿನಗೆ ನಾನು ಏನು ಕಡಿಮೆ ಮಾಡಿದ್ದೆ?"

"ಏನೂ ಇಲ್ಲ." ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಈಗ ಏನು ಮಾಡ್ಲಿ, ನೀವೇ ಹೇಳಿ."

"ಒಳಗೆ ನಡಿ. ನೀನಾಗೇ ಡಾಕ್ಟರಿಗೆ ಹೇಳು. ಯಾರೋ ಹಿಡಿದುಕೊಟ್ಟ ಹಾಗಾಗಬಾರದು. ನಾನು ಪಕ್ಕದಲ್ಲಿ ನಿಂತಿರ್ತೇನೆ. ಏನೇ ಆದ್ರೂ ನಿನ್ನನ್ನ ಬೀದಿಗೆ ಬಿಡಲ್ಲ. ಆದ್ರೆ ಆ ಹುಡುಗನ ಹೆಸರು ಕಾಗದದಿಂದ ಹೋಗ್ಬೇಕು."

ಅವಳು ನಲ್ಲಿಯಲ್ಲಿ ಮುಖ ತೊಳೆದಳು. ನನ್ನ ಸೆರಗಿನಲ್ಲಿ ಒರೆಸಿಕೊಳ್ಳುವುದು ಅವಳಿಗೆ ಅಭ್ಯಾಸ, ಇವತ್ತು ತನ್ನ ದುಪಟ್ಟಾದಲ್ಲೇ ಒರೆಸಿಕೊಂಡಳು. ನಾನು ಸಿಂಬೆಯನ್ನು ಅವಳ ಕೈಗೇ ಕೊಟ್ಟೆ. ತಪ್ಪು ಒಪ್ಪಿಕೊಳ್ಳುವವಳ ಕೈಯಲ್ಲೇ ಇರಲಿ ಎಂದು.

ಬಾಗಿಲ ಹತ್ತಿರ ಬಂದಾಗ ನಿಂತು ಕೇಳಿದಳು, "ಬೇರೆ ಯಾರಿಗಾದ್ರೂ ಇದನ್ನ ಹೇಳಿದ್ರಾ ಅಕ್ಕ?"

"ಯಾರಿಗೂ ಇಲ್ಲ. ಮೊದಲು ನಿನ್ನ ಹತ್ರಾನೇ ಬಂದೆ."

"ಅಚ್ಛಾ," ಎಂದಳು. ತಲೆಗೂದಲು ಸರಿಮಾಡಿಕೊಂಡು ಒಳಗೆ ಹೋದಳು.

ಡಾಕ್ಟರ್ ತೋಮರ್ ಮೇಜಿನ ಮೇಲೆ ದೂರಿನ ಕಾಗದ ಇಟ್ಟುಕೊಂಡು ಕೂತಿದ್ದರು. ಸುಕೇಶ ಸ್ಟೂಲಿನಿಂದ ತಲೆಯೆತ್ತಿ ಮೊದಲು ಹಂಸಿನಿಯನ್ನು, ಆಮೇಲೆ ನನ್ನನ್ನು ನೋಡಿದ. ಕಣ್ಣಿನಲ್ಲೇ ಅವನಿಗೆ ಧೈರ್ಯ ಹೇಳಿದೆ.

ಹಂಸಿನಿ ಹಿಂದಿಯಲ್ಲಿ ಶುರು ಮಾಡಿದಳು. ಅವಳ ಹಿಂದಿ ನೀರು ಹರಿದ ಹಾಗೆ, ಇಲ್ಲೇ ಹುಟ್ಟಿದವರೂ ಕಿವಿಗೊಡಬೇಕು. ನನ್ನದು ಹೋಟೆಲ್ ಹಿಂದಿ, ತರಕಾರಿಯವನೊಂದಿಗೆ ಜಗಳಕ್ಕೆ ಸಾಕಾಗುವಷ್ಟು.

"ಮ್ಯಾಡಂ, ಇದನ್ನು ಹೇಳೋದಕ್ಕೆ ನನಗೆ ತುಂಬಾ ಕಷ್ಟ ಆಗ್ತಿದೆ," ಎಂದಳು. "ಆಂಟಿ ನನಗೆ ತಾಯಿ ಇದ್ದ ಹಾಗೆ. ಈಗ ಹಿತ್ತಲಲ್ಲಿ ಅವರು ನನ್ನ ಹತ್ರ ಎಲ್ಲಾ ಒಪ್ಪಿಕೊಂಡ್ರು."

ನನಗೆ ಸರಿಯಾಗಿ ಅರ್ಥವಾಗಲಿಲ್ಲವೇನೋ ಎಂದುಕೊಂಡೆ.

"ಸುಕೇಶನದು ಏನೂ ತಪ್ಪಿಲ್ಲ. ಹಕ್ಕಿಗಳಿಗೆ ದಾರ ಕಟ್ಟಿದ್ದು ಆಂಟಿ. ಹಕ್ಕಿ ಬಂದ್ರೆ ತಾನೇ ಇವರಿಗೆ ಇಲ್ಲಿ ಕೆಲಸ. ಇದು ನೋಡಿ, ಪೆಟ್ಟಿಗೆಯಲ್ಲಿತ್ತು. ಈ ರಿಂಗ್ ಯಾರು ಮಾಡ್ತಾರೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು." ಸಿಂಬೆಯನ್ನು ಮೇಜಿನ ಮೇಲಿಟ್ಟಳು. ಅದರ ತುದಿ ಈಗ ನನ್ನದರ ಹಾಗೆ ಮೇಲೆ ಇತ್ತು. ಅಡಗಿಸಿದ್ದ ತುದಿಯನ್ನು ಬರುವ ದಾರಿಯಲ್ಲಿ ಅವಳ ಬೆರಳು ಹೊರಗೆಳೆದಿತ್ತು. "ಯಾರಿಗೂ ಹೇಳಬೇಡ ಅಂತ ನನಗೆ ಹೆದರಿಸಿದ್ರು. ಹೊಡೀತೀನಿ ಅಂದ್ರು."

"ಝೂಟ್," ಎಂದೆ. ಮುಂದಿನ ಹಿಂದಿ ಬಾಯಿಗೆ ಬರಲಿಲ್ಲ. ಸಿಟ್ಟು ಬಂದರೆ ನನಗೆ ಬರುವುದು ಕನ್ನಡ. ಕನ್ನಡದಲ್ಲೇ ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಡಾಕ್ಟರ್ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡರು.

ಅವರು ಬಾಗಿಲಲ್ಲಿ ನಿಂತಿದ್ದ ರಾಮ್‌ಬೀರನನ್ನು ಕರೆದರು. "ನೀನು ಹಿತ್ತಲಲ್ಲೇ ಇದ್ದೆಯಲ್ಲ. ಏನು ನಡೀತು?"

"ಮಾತು ಅವರ ಭಾಷೇಲಿತ್ತು ಮ್ಯಾಡಂ, ನನಗೆ ಒಂದೂ ತಿಳೀಲಿಲ್ಲ," ಎಂದ ಅವನು. ಪಾಪ, ಸುಳ್ಳು ಹೇಳುವವನಲ್ಲ. "ಆಂಟಿ ಜೋರಾಗಿ ಕೂಗ್ತಿದ್ರು. ಟವೆಲಿಂದ ರಿಂಗ್ ಮಾಡಿ ತೋರಿಸಿದ್ರು. ಹಂಸಿನಿ ದೀದಿ ಅಳ್ತಿದ್ರು."

ಹಾಗಲ್ಲ, ಹಾಗಲ್ಲ ಎಂದು ಕೈಯಾಡಿಸುತ್ತ ನಿಂತೆ. ಯಾರ ಮಾನ ಉಳಿಸಲೆಂದು ಕನ್ನಡದಲ್ಲಿ ಕೇಳಿದೆನೋ ಅವಳು ಆ ಕನ್ನಡವನ್ನೇ ನನ್ನ ಮೇಲೆ ಮುಚ್ಚಳದ ಹಾಗೆ ಹಾಕಿಬಿಟ್ಟಿದ್ದಳು. ಅವಳ ಮುಖ ನೋಡಿದೆ. ಕಣ್ಣು ಇನ್ನೂ ಒದ್ದೆಯಾಗಿತ್ತು.

ಆಗ ಕಿಟಕಿಯ ನೆನಪಾಯಿತು.

"ಮ್ಯಾಡಂ, ಸುಕೇಶ," ಎಂದೆ. "ಇವನಿಗೆ ಕನ್ನಡ ಬರ್ತದೆ. ಪೂರಾ ಬರ್ತದೆ. ಖಿಡ್ಕಿ ಖುಲಾ ಥಾ. ಇವನು ಇಲ್ಲೇ ಕೂತಿದ್ದ, ಎಲ್ಲಾ ಕೇಳಿಸ್ಕೊಂಡಿದ್ದಾನೆ. ಪೂಛೋ ಇಸ್ಕೋ."

ಹಂಸಿನಿಯ ಬಣ್ಣ ಇಳಿಯುವುದನ್ನು ಕಾದೆ. ಇಳಿಯಲಿಲ್ಲ. ಅವಳು ಸುಕೇಶನ ಕಡೆ ತಿರುಗಿ ನೋಡಿದಳು ಅಷ್ಟೇ.

ಡಾಕ್ಟರ್ ಅವನನ್ನು ಎದ್ದು ನಿಲ್ಲಿಸಿದರು. "ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ ನೀನು. ಈಗ ಹೇಳು. ಹಿತ್ತಲಲ್ಲಿ ಯಾರು ಒಪ್ಪಿಕೊಂಡದ್ದು?"

ಹೇಳು ಮಗಾ, ಎಂದೆ. ನಿನಗೆ ಏನೂ ಆಗುವುದಿಲ್ಲ, ನಾನಿದ್ದೇನೆ ಎಂದೆ.

"ಹಂಸಿನಿ ಸಚ್ ಬೋಲ್ ರಹೀ ಹೈ, ಮ್ಯಾಡಂ," ಎಂದ ಸುಕೇಶ. "ಒಪ್ಪಿಕೊಂಡದ್ದು ದೊಡ್ಡಮ್ಮ."

ಅವನು ನನ್ನತ್ತ ನೋಡಲಿಲ್ಲ. ಅವನ ಕೈ ಪಕ್ಕಕ್ಕೆ ಸರಿದು ಹಂಸಿನಿಯ ದುಪಟ್ಟಾದ ಅಂಚು ಹಿಡಿದುಕೊಂಡಿತು. ಅವಳು ಬಿಡಿಸಿಕೊಳ್ಳಲಿಲ್ಲ. ಗೇಟಿಗೆ ಪೆಟ್ಟಿಗೆ ತಂದದ್ದು ಯಾರು, ಬೆಳಿಗ್ಗೆಯಿಂದ ಅವನು ಉಳಿಸುತ್ತಿದ್ದದ್ದು ಯಾರನ್ನು ಎಂದು ನನಗೆ ಆಗ ತಿಳಿಯಿತು.

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಡಾಕ್ಟರ್ ತೋಮರ್ ಪೆನ್ನು ತೆಗೆದು ಕಾಗದದಲ್ಲಿದ್ದ ಸುಕೇಶನ ಹೆಸರಿನ ಮೇಲೆ ಗೀಟು ಎಳೆದರು. ಇಷ್ಟು ದಿನ ಅವರು ನನ್ನನ್ನು ಕರೆದದ್ದು ಆಂಟಿ ಎಂದೇ.

"ನಿಮ್ಮ ಪೂರ್ತಿ ಹೆಸರು ಹೇಳಿ," ಎಂದರು.